ಎರಡನೇ ಕೀಪರ್‌ಗೆ ದೊಡ್ಡಪ್ಪನ ಕಾಗದ

ಹಾಸನ
ಭಾನುವಾರ ಸಂಜೆ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಸೋನೆ ಮಳೆ ಹಿಡಿದುಕೊಂಡಿದೆ, ಬಟ್ಟೆ ಒಣಗುತ್ತಿಲ್ಲ ಅಂತ ನಿನ್ನ ದೊಡ್ಡಮ್ಮ ಗೊಣಗುತ್ತಿದ್ದಾಳೆ. ಅದು ಬಿಟ್ಟರೆ ವಿಶೇಷ ಏನಿಲ್ಲ.

ಮೊನ್ನೆ ನಿನ್ನಪ್ಪ ಫೋನ್ ಮಾಡಿದ್ದ. ಬೆಂಗಳೂರಿನ ಕ್ರಿಕೆಟ್ ಕ್ಲಬ್ಬಿನಲ್ಲಿ ನಿನ್ನನ್ನು ಎರಡನೇ ವಿಕೆಟ್ ಕೀಪರ್ ಮಾಡಿದ್ದಾರಂತೆ. ಮ್ಯಾಚಿಗೆ ತೆಗೆದುಕೊಂಡರೂ ಕೀಪರ್ ಹಿಂದೆ ದೂರದಲ್ಲಿ, ಫೈನ್ ಲೆಗ್‌ನಲ್ಲಿ ನಿಲ್ಲಿಸುತ್ತಾರಂತೆ. ಗ್ಲೌಸ್ ಬಿಟ್ಟು ಇನ್ನು ಬರೀ ಬ್ಯಾಟಿಂಗ್ ನೋಡಿಕೊಳ್ಳುತ್ತೇನೆ ಅಂತ ನೀನು ಹಟ ಹಿಡಿದಿದ್ದೀಯಂತೆ. ‘ನೀನೇ ಒಂದು ಮಾತು ಹೇಳಣ್ಣ, ನನ್ನ ಮಾತು ಕೇಳೋದಿಲ್ಲ’ ಅಂದ. ಅವನ ಮಾತು ನೀನು ಯಾಕೆ ಕೇಳಬೇಕು ಹೇಳು, ಅವನು ಜೀವನದಲ್ಲಿ ಆಡಿದ್ದು ಕೇರಂ ಒಂದೇ. ಫೋನಿನಲ್ಲಿ ಹೇಳೋಣ ಅಂದರೆ ‘ಹೂಂ ದೊಡ್ಡಪ್ಪ, ಹೂಂ ದೊಡ್ಡಪ್ಪ’ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಓದಿ ಮುಗಿಸುವ ತನಕ ಮೊಬೈಲ್ ಮುಟ್ಟಬೇಡ.

ಗ್ಲೌಸ್ ಬಿಡಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅನ್ನೋದು ಆಮೇಲೆ.

ನಿನ್ನ ಸಂಕಟ ನನಗೆ ಅರ್ಥವಾಗದ್ದೇನಲ್ಲ. ಹನ್ನೊಂದು ಜನರಲ್ಲಿ ಬ್ಯಾಟ್ಸ್‌ಮನ್‌ಗಳು ಐದಾರು ಜನ ಇರುತ್ತಾರೆ. ಒಬ್ಬರು ಮುಗ್ಗರಿಸಿದರೆ ಇನ್ನೊಬ್ಬರಿಗೆ ಜಾಗ. ಬೌಲರ್‌ಗಳೂ ನಾಲ್ಕೈದು. ಕೀಪರ್ ಮಾತ್ರ ಒಬ್ಬಳೇ. ಎರಡನೆಯವಳಿಗೆ ಅರ್ಧ ಜಾಗ ಅಂತ ಕೊಡೋಕೆ ಬರುವುದಿಲ್ಲ. ಮೊದಲನೆಯವಳು ಚೆನ್ನಾಗಿರುವಷ್ಟು ದಿನ ನೀನು ಎಷ್ಟೇ ಚೆನ್ನಾಗಿದ್ದರೂ ಹೊರಗೆ. ಆ ಹುಡುಗಿಯ ಕೀಪಿಂಗ್ ನಾನು ನೋಡಿಲ್ಲ, ಹಾಗಾಗಿ ನಿನಗೆ ಅನ್ಯಾಯ ಆಯಿತು ಅಂತ ನಿನ್ನ ಪರ ವಕಾಲತ್ತು ವಹಿಸುವುದಿಲ್ಲ.

ನಮ್ಮ ಕರ್ನಾಟಕದ ಕೀಪರ್ ಕಿರ್ಮಾನಿಯವರನ್ನೇ ನೋಡು. 1971ರಲ್ಲಿ ಇಂಡಿಯಾ ಟೀಮಿನ ಜೊತೆ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಮತ್ತೆ ಹೋದರು. ಎರಡು ಸಲವೂ ಮೊದಲ ಕೀಪರ್ ಆಗಿ ಫಾರೂಕ್ ಎಂಜಿನಿಯರ್ ಇದ್ದರು, ಇವರಿಗೆ ಟೆಸ್ಟ್ ಸಿಗಲಿಲ್ಲ. ಮೊದಲ ಟೆಸ್ಟ್ ಆಡಿದ್ದು 1976ರ ಜನವರಿಯಲ್ಲಿ, ಆಕ್ಲೆಂಡ್‌ನಲ್ಲಿ. ಮರು ಟೆಸ್ಟಿನಲ್ಲೇ, ಕ್ರೈಸ್ಟ್‌ಚರ್ಚ್‌ನಲ್ಲಿ, ಒಂದೇ ಇನ್ನಿಂಗ್ಸ್‌ನಲ್ಲಿ 6 ಜನರನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆಗೆ ಸಮ ಮಾಡಿಬಿಟ್ಟರು. ಕೊನೆಗೆ 88 ಟೆಸ್ಟ್, 198 ಬಲಿ. ಕಾಯುತ್ತಿದ್ದ ಅಷ್ಟು ವರ್ಷ ಅವರೇನು ಸುಮ್ನೆ ಕೂತಿರಲಿಲ್ಲ. ನಮ್ಮ ರಾಜ್ಯದ ಟೀಮಿನಲ್ಲಿ ಪ್ರಸನ್ನ ಮತ್ತು ಚಂದ್ರಶೇಖರ್ ಬೌಲಿಂಗ್‌ಗೆ ವಿಕೆಟ್ ಹಿಂದೆ ಕೂರುತ್ತಿದ್ದರು. ಚಂದ್ರಶೇಖರ್ ಸ್ಪಿನ್ನರ್ ಅಂತ ಹೆಸರಿಗೆ, ವೇಗ ಮಾತ್ರ ಮೀಡಿಯಂ ಪೇಸರ್‌ನದ್ದು. ಗೂಗ್ಲಿ ಯಾವಾಗ ಬರುತ್ತದೋ ಬ್ಯಾಟ್ಸ್‌ಮನ್‌ಗೂ ಗೊತ್ತಾಗುತ್ತಿರಲಿಲ್ಲ. ಅಂಥವರ ಹಿಂದೆ ಕೂತು ಬಂದವರಿಗೆ ಟೆಸ್ಟ್ ಹೊಸದೇನೂ ಅನ್ನಿಸಿರಲಾರದು.

ದೊಡ್ಡವರ ಮಾತು ಬಿಡು. ನಾನೂ ಎರಡನೇ ಕೀಪರ್ ಆಗಿದ್ದವನೇ, ನಿನ್ನಪ್ಪ ಇದನ್ನು ನಿನಗೆ ಹೇಳಿರಲಿಕ್ಕಿಲ್ಲ. ನಮ್ಮ ಕ್ಲಬ್ಬಿನ ಮೊದಲ ಕೀಪರ್ ಒಬ್ಬರು ಬ್ಯಾಂಕಿನವರು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು, ಹೊಟ್ಟೆ ಬೇರೆ ಬಂದಿತ್ತು. ಆದರೆ ಕಾಲು ಮಾತ್ರ ಬೆಕ್ಕಿನದ್ದು. ಅವರು ಇದ್ದಷ್ಟು ದಿನ ನನ್ನನ್ನು ಅವರ ಹಿಂದೆ ಲಾಂಗ್ ಸ್ಟಾಪ್‌ನಲ್ಲಿ ನಿಲ್ಲಿಸುತ್ತಿದ್ದರು. ಈಗಿನವರಿಗೆ ಆ ಹೆಸರೇ ಗೊತ್ತಿಲ್ಲ ಅನ್ನಿಸುತ್ತದೆ. ಕೀಪರ್ ಬಿಟ್ಟ ಬಾಲ್ ಹಿಡಿಯೋಕೆ ಅವನ ಬೆನ್ನ ಹಿಂದೆಯೇ ಒಬ್ಬ. ಅವಮಾನದ ಕೆಲಸ ಅಂತ ಮೊದಮೊದಲು ಅನ್ನಿಸಿತ್ತು. ಆಮೇಲೆ ನೋಡಿದರೆ ಇಡೀ ಮೈದಾನದಲ್ಲಿ ಕೀಪಿಂಗ್ ಕಲಿಯೋಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬಾಲ್ ಬರುವ ದಾರಿ ಅವರಿಗೆ ಹೇಗೆ ಕಾಣುತ್ತದೋ ನನಗೂ ಹಾಗೇ ಕಾಣುತ್ತಿತ್ತು. ಲೆಗ್ ಸೈಡಿಗೆ ಹೋಗುವ ಬಾಲಿಗೆ ಅವರ ಎಡಗಾಲು ಯಾವಾಗ ಹೊರಡುತ್ತದೆ ಅಂತ ಹಿಂದಿನಿಂದ ನೋಡಿ ನೋಡಿ, ನನ್ನ ಕಾಲೂ ತಾನಾಗಿ ಹೊರಡುತ್ತಿತ್ತು. ನಿನ್ನ ಫೈನ್ ಲೆಗ್ ಕೂಡ ತೀರಾ ಕೆಟ್ಟ ಜಾಗವಲ್ಲ ಕಣಮ್ಮ. ಅಲ್ಲಿ ನಿಂತು ಪ್ರೇಕ್ಷಕರ ಕಡೆ ನೋಡೋದು ಬಿಟ್ಟು, ಆ ಹುಡುಗಿಯ ಕಾಲು ನೋಡು.

ಕೊನೆಗೆ ನನಗೆ ಜಾಗ ಸಿಕ್ಕಿದ್ದು ನನ್ನ ಕೈಚಳಕಕ್ಕಲ್ಲ. ಬ್ಯಾಂಕಿನವರಿಗೆ ಬಳ್ಳಾರಿ ಕಡೆ ಟ್ರಾನ್ಸ್‌ಫರ್ ಆರ್ಡರ್ ಬಂತು, ಅಷ್ಟೇ. ಗುರುವಾರ ಸುದ್ದಿ ಬಂತು, ಭಾನುವಾರ ಚಿಕ್ಕಮಗಳೂರಿನಲ್ಲಿ ಮ್ಯಾಚು. ಬೇಲೂರು ಮೇಲೆ ಹೋಗುವ ಬಸ್ಸಿನಲ್ಲಿ ಕಿಟ್ ಬ್ಯಾಗ್ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಹೊಟ್ಟೆಯೊಳಗೆ ತಳಮಳ ಇತ್ತು, ಆದರೆ ಕೈ ತಯಾರಿತ್ತು. ನಿನಗೂ ಜಾಗ ಹೀಗೇ ಬರುತ್ತದೆ. ಆ ಹುಡುಗಿಗೆ ಪರೀಕ್ಷೆ ಬರಬಹುದು, ಜ್ವರ ಬರಬಹುದು, ಅವಳನ್ನು ಮೇಲಿನ ಟೀಮಿಗೆ ಆರಿಸಬಹುದು. ಆ ಬೆಳಗ್ಗೆ ‘ನಾನು ಕೀಪಿಂಗ್ ಬಿಟ್ಟು ಆರು ತಿಂಗಳಾಯಿತು ಸರ್’ ಅನ್ನಬೇಕಾ ನೀನು?

ಈಗ ಆಟದ ವಿಷಯಕ್ಕೆ ಬರುತ್ತೇನೆ. ನೀನು ಕಳಿಸಿದ ವೀಡಿಯೊ ನಿನ್ನ ತಮ್ಮನ ಕೈಲಿ ನಿಧಾನ ಮಾಡಿಸಿ ನೋಡಿದೆ. ಬೈಸ್, ಅಂದರೆ ನಿನ್ನ ಕೈತಪ್ಪಿ ಹೋಗುವ ರನ್, ಯಾಕೆ ಜಾಸ್ತಿ ಹೋಗುತ್ತಿದೆ ಅಂತ ಗೊತ್ತಾಯಿತು. ನಿನ್ನ ತಪ್ಪಲ್ಲ, ನಮ್ಮೂರಿನ ಮ್ಯಾಟಿನ ತಪ್ಪು.

ನೀನು ಕಲಿತದ್ದು ಮ್ಯಾಟಿನ ಮೇಲೆ, ನಾನೂ ಅಷ್ಟೇ. ನಮ್ಮ ಕಾಲದಲ್ಲಿ ಬೆಳಗ್ಗೆ ಏಳಕ್ಕೆಲ್ಲ ಮೈದಾನಕ್ಕೆ ಹೋಗಿ ನಾವೇ ಮ್ಯಾಟ್ ಹಾಸಬೇಕಿತ್ತು. ತೆಂಗಿನ ನಾರಿನ ಮ್ಯಾಟು. ರಾತ್ರಿ ಇಬ್ಬನಿಗೆ ನೆಂದಿದ್ದರೆ ನಾಲ್ಕು ಜನ ಎತ್ತಬೇಕು. ಒಂದು ತುದಿಗೆ ಮೊಳೆ ಹೊಡೆದು, ಇನ್ನೊಂದು ತುದಿಯಿಂದ ಎಲ್ಲರೂ ಸೇರಿ ಎಳೆದು, ಸುಕ್ಕಿಲ್ಲದ ಹಾಗೆ ಮತ್ತೆ ಮೊಳೆ. ಸುಕ್ಕು ಉಳಿದರೆ ಬಾಲ್ ಎಲ್ಲಿಂದ ಎಲ್ಲಿಗೋ ಹಾರುತ್ತಿತ್ತು. ಹಾಗಾಗಿ ಬೇರೆಯವರು ಹೊಡೆದ ಮೊಳೆಯನ್ನೂ ಕೀಪರ್ ಆದವನು ಒಂದು ಸಲ ಮುಟ್ಟಿ ನೋಡುತ್ತಿದ್ದ. ಹಲ್ಲು ಉಳಿಯಬೇಕಲ್ಲ.

ಮ್ಯಾಟಿನ ಮೇಲೆ ಬಿದ್ದ ಬಾಲ್ ಏಳುತ್ತದೆ. ಸ್ಪಿನ್ನರ್ ಹಾಕಿದರೂ ಸೊಂಟದ ಹತ್ತಿರ ಬರುತ್ತದೆ. ಕೀಪರ್ ಸ್ವಲ್ಪ ಬೇಗ ಎದ್ದರೂ ನಡೆಯುತ್ತದೆ. ಬೆಂಗಳೂರಿನ ಟರ್ಫ್‌ನಲ್ಲಿ, ಅಂದರೆ ಮ್ಯಾಟ್ ಇಲ್ಲದ ಮಣ್ಣಿನ ಪಿಚ್‌ನಲ್ಲಿ, ಅದೂ ಮಧ್ಯಾಹ್ನದ ಮೇಲೆ ಪಿಚ್ ಸವೆದಾಗ, ಬಾಲ್ ಮೊಣಕಾಲಿನ ಕೆಳಗೇ ಬರುತ್ತದೆ. ವೀಡಿಯೊದಲ್ಲಿ ನೋಡು, ಬಾಲ್ ಇನ್ನೂ ನೆಲ ಮುಟ್ಟಿಲ್ಲ, ನಿನ್ನ ಸೊಂಟ ಆಗಲೇ ಎದ್ದಿದೆ. ಆಮೇಲೆ ಕೈ ಅವಸರದಲ್ಲಿ ಕೆಳಗೆ ಹೋಗುತ್ತಿದೆ. ಬಾಲ್ ಗ್ಲೌಸಿನ ಅಡಿಯಿಂದ ನುಸುಳಿ ಹೋಗುತ್ತಿದೆ. ಕೂತವಳು ಎದ್ದು ಹಿಡಿಯುವುದು ಸುಲಭ, ಎದ್ದವಳು ಬಗ್ಗಿ ಹಿಡಿಯುವುದು ಕಷ್ಟ. ಬಾಲ್ ಪಿಚ್ ಆಗಿ ಎದ್ದರೆ ಅದರ ಜೊತೆ ನೀನೂ ಏಳು. ಅದು ಏಳದಿದ್ದರೆ ನೀನೂ ಏಳಬೇಡ. ತೊಡೆ ಉರಿಯುತ್ತದೆ, ಉರಿಯಲಿ.

ಇದನ್ನು ನೆಟ್ಸ್‌ನಲ್ಲಿ ಸರಿಮಾಡಿಕೊಳ್ಳೋಕೆ ಆಗುವುದಿಲ್ಲ. ನೆಟ್ಸ್‌ನಲ್ಲಿ ಸ್ಟಂಪ್ ಹಿಂದೆ ಕೀಪರ್ ಕೂರುವಷ್ಟು ಜಾಗ ಎಲ್ಲಿರುತ್ತದೆ? ಪ್ರಾಕ್ಟೀಸ್ ಮುಗಿದ ಮೇಲೆ ಒಬ್ಬ ಸ್ಪಿನ್ನರ್‌ನ ಕಾಡಿಬೇಡಿ ಕಾಲು ಗಂಟೆ ನಿಲ್ಲಿಸಿಕೋ. ಒಂದೇ ಸ್ಟಂಪ್ ನೆಡು. ಒಬ್ಬಳು ಬ್ಯಾಟ್ ಹಿಡಿದು ಪ್ರತಿ ಬಾಲಿಗೂ ಬೀಸಲಿ, ಆದರೆ ಬೇಕೆಂದೇ ತಾಗಿಸದೆ ಬಿಡಲಿ. ಕಣ್ಣ ಮುಂದೆ ಬ್ಯಾಟ್ ಹಾದುಹೋಗುವಾಗ ಎಲ್ಲರೂ ಕಣ್ಣು ಮುಚ್ಚುತ್ತಾರೆ, ಅದು ಸಹಜ. ಅದು ಬಿಡಬೇಕಾದರೆ ಇದೊಂದೇ ದಾರಿ. ಸ್ಪಿನ್ನರ್ ಸಿಗದ ದಿನ ಪಿ.ಜಿ. ಕಾಂಪೌಂಡಿನ ಗೋಡೆಗೆ ಟೆನಿಸ್ ಬಾಲ್ ಹೊಡೆದು ಹಿಡಿ. ಓನರ್ ಬೈದರೆ ಬೈಸಿಕೋ.

ಸ್ಟಂಪಿಂಗ್ ಬಗ್ಗೆ, ಅಂದರೆ ಬ್ಯಾಟ್ಸ್‌ಮನ್ ಗೆರೆ ಬಿಟ್ಟಾಗ ಸ್ಟಂಪ್ ಮೇಲಿನ ಬೇಲ್ ಹಾರಿಸುವ ಬಗ್ಗೆ, ಒಂದು ಮಾತು. ಅವಸರಕ್ಕೆ ಕೈ ಸ್ಟಂಪಿನ ಮುಂದೆ ಹೋಗುತ್ತಿದೆಯಾ ನೋಡಿಕೋ. ಬಾಲ್ ಬ್ಯಾಟಿಗೋ ಬ್ಯಾಟ್ಸ್‌ಮನ್ ಮೈಗೋ ತಾಗುವ ತನಕ, ಇಲ್ಲವೇ ಸ್ಟಂಪ್ ದಾಟುವ ತನಕ, ಕೀಪರ್ ಪೂರ್ತಿಯಾಗಿ ಸ್ಟಂಪಿನ ಹಿಂದೆಯೇ ಇರಬೇಕು. ಇಲ್ಲದಿದ್ದರೆ ಸ್ಕ್ವೇರ್ ಲೆಗ್ ಅಂಪೈರ್ ನೋ ಬಾಲ್ ಕೊಡುತ್ತಾರೆ, ನೋ ಬಾಲಿಗೆ ಸ್ಟಂಪಿಂಗ್ ಇಲ್ಲ. ವೈಡ್‌ಗೆ ಇದೆ. ಲೆಗ್ ಸೈಡ್ ವೈಡ್ ಅಂತ ಕೈಬಿಟ್ಟು ನಿಲ್ಲಬೇಡ. 2017ರ ಮಹಿಳಾ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ಸಾರಾ ಟೇಲರ್ ಲೆಗ್ ಸೈಡಿನಲ್ಲಿ ತ್ರಿಷಾ ಚೆಟ್ಟಿಯನ್ನು ಸ್ಟಂಪ್ ಮಾಡಿದ್ದು ಹುಡುಕಿ ನೋಡು. ಬೌಲರ್ ನ್ಯಾಟ್ ಸಿವರ್, ಸ್ಪಿನ್ನರ್ ಅಲ್ಲ, ಮೀಡಿಯಂ ಪೇಸರ್. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ. ನೋಡಿದಾಗೆಲ್ಲ ನಮ್ಮ ಕಾಲದ ಗಂಡಸರ ಕೀಪಿಂಗ್ ನೆನೆದು ನಗು ಬರುತ್ತದೆ.

ಇನ್ನು ಬೆರಳು. ನನ್ನ ಕಿರುಬೆರಳು ನೋಡಿ ಚಿಕ್ಕವಳಿದ್ದಾಗ ‘ಕೊಕ್ಕೆ ದೊಡ್ಡಪ್ಪ’ ಅನ್ನುತ್ತಿದ್ದೆ, ನೆನಪಿದೆಯಾ? ಆಗೆಲ್ಲ ಬೆರಳಿಗೆ ಪೆಟ್ಟಾದರೆ ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ ಆಡುವುದೇ ರೂಢಿ. ಆಟ ಮುಗಿದ ಮೇಲೆ ಎಣ್ಣೆ ಹಚ್ಚಿ ಎಳೆಯುವವರು ಒಬ್ಬರು ಊರಲ್ಲಿ ಇದ್ದೇ ಇರುತ್ತಿದ್ದರು. ನೀನು ಯಾರ ಕೈಗೂ ಬೆರಳು ಕೊಟ್ಟು ಎಳೆಸಿಕೊಳ್ಳಬೇಡ. ತುದಿಗೆ ಬಾಲ್ ಬಡಿದು, ತುದಿಯ ಗೆಣ್ಣು ಬಾಗಿಹೋಗಿ, ನಿನ್ನಷ್ಟಕ್ಕೆ ನೇರ ಮಾಡೋಕೆ ಆಗದಿದ್ದರೆ ಒಳಗಿನ ತಂತು ಹರಿದಿರುತ್ತದೆ. ಎಕ್ಸ್‌ರೇ ತೆಗೆಸಿ ಮೂಳೆ ಡಾಕ್ಟರ ಹತ್ತಿರ ಸ್ಪ್ಲಿಂಟ್ ಹಾಕಿಸಬೇಕು. 6ರಿಂದ 8 ವಾರ ಅದನ್ನು ಬಾಗಿಸಲೇಬಾರದು. ಸ್ನಾನಕ್ಕೆ ಅಂತ ತೆಗೆದು ಒಂದು ಸಲ ಬಾಗಿಸಿದರೂ ಮತ್ತೆ ಮೊದಲಿಂದ ಶುರು. ನಿಮ್ಮ ಬಾಲ್ 140ರಿಂದ 151 ಗ್ರಾಂ, ಗಂಡಸರದ್ದು 156ರಿಂದ 163. ಹಗುರ ಅಂತ ಅಸಡ್ಡೆ ಮಾಡಬೇಡ, ಬೆರಳಿಗೆ ಆ ಲೆಕ್ಕ ಗೊತ್ತಾಗುವುದಿಲ್ಲ. ಹಿಡಿಯುವಾಗ ಬೆರಳು ನೆಲ ನೋಡಲಿ, ಆಕಾಶ ನೋಡಲಿ, ಪಕ್ಕಕ್ಕೆ ನೋಡಲಿ. ಬೌಲರ್ ಕಡೆ ಮಾತ್ರ ನೋಡಬಾರದು.

ಹೆಲ್ಮೆಟ್ ವಿಷಯದಲ್ಲಿ ಮಾತ್ರ ನಾನು ಬುದ್ಧಿ ಹೇಳುತ್ತಿಲ್ಲ, ಆಜ್ಞೆ ಮಾಡುತ್ತಿದ್ದೇನೆ. ವೀಡಿಯೊದಲ್ಲಿ ಸ್ಪಿನ್ನರ್‌ಗೆ ನೀನು ಕ್ಯಾಪ್ ಹಾಕಿಕೊಂಡು ಸ್ಟಂಪ್ ಹತ್ತಿರ ನಿಂತಿದ್ದೀಯ. 2000ದಲ್ಲಿ ಢಾಕಾದ ಏಷ್ಯಾ ಕಪ್‌ನಲ್ಲಿ ಇಂಡಿಯಾ ಕೀಪರ್ ಸಬಾ ಕರೀಂ ನಮ್ಮ ಕುಂಬ್ಳೆ ಬೌಲಿಂಗ್‌ಗೆ ಕೀಪಿಂಗ್ ಮಾಡುತ್ತಿದ್ದಾಗ ಬಾಲ್ ಕಣ್ಣಿಗೆ ಬಡಿಯಿತು. ಆಮೇಲೆ ಅವರು ಇಂಡಿಯಾ ಪರ ಆಡಿದ್ದು ಒಂದೇ ಒಂದು ಟೆಸ್ಟ್. 2012ರಲ್ಲಿ ದಕ್ಷಿಣ ಆಫ್ರಿಕಾದ ಮಾರ್ಕ್ ಬೌಚರ್‌ಗೆ ಬಡಿದದ್ದು ಬಾಲ್ ಕೂಡ ಅಲ್ಲ, ಬೇಲ್. ಇಮ್ರಾನ್ ತಾಹಿರ್ ಬೌಲ್ಡ್ ಮಾಡಿದ, ಹಾರಿದ ಬೇಲ್ ಕಣ್ಣಿಗೆ ಬಂತು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 999 ಬಲಿ ಪಡೆದಿದ್ದವರು, ಸಾವಿರನೆಯದು ಆಗಲೇ ಇಲ್ಲ. ಬೇಲ್ ಎಷ್ಟು ಹಗುರ ಅಂತ ನಿನಗೇ ಗೊತ್ತು. ಹಾಕಿಕೋ. ಬೇಡವಾದಾಗ ತೆಗೆದು ನಿನ್ನ ಹಿಂದೆ ನೇರಕ್ಕೆ ಇಡು, ಅಲ್ಲಿಟ್ಟರೂ ಅದಕ್ಕೆ ಬಾಲ್ ತಾಗಿದರೆ 5 ರನ್ ದಂಡ. ಬೇರೆ ಗಾರ್ಡುಗಳ ಬಗ್ಗೆ ಹೇಳಬೇಕಾದ್ದು ನಿನ್ನ ದೊಡ್ಡಮ್ಮ. ಅವಳಿಗೆ ಅದೆಲ್ಲ ಗೊತ್ತಿಲ್ಲದಿದ್ದರೆ ನಿನ್ನ ಕೋಚ್ ಹತ್ತಿರ ನಾಚಿಕೆ ಬಿಟ್ಟು ಕೇಳು.

ಬ್ಯಾಟಿಂಗ್ ಮಾಡು, ಬೇಡ ಅನ್ನುವುದಿಲ್ಲ. ನನ್ನ ಮನಸ್ಸು ಕೇಳಿದರೆ, ಒಳ್ಳೆಯ ಕೈ ಇರುವವಳೇ ಕೀಪರ್ ಆಗಬೇಕು, ರನ್ ಎಷ್ಟು ಹೊಡೆಯುತ್ತಾಳೆ ಅನ್ನೋದು ಆಮೇಲೆ. ಆದರೆ ಲೋಕ ಹಾಗಿಲ್ಲ. 2003ರ ವಿಶ್ವಕಪ್‌ನಲ್ಲಿ ದ್ರಾವಿಡ್ ಕೈಗೆ ಗ್ಲೌಸ್ ಕೊಟ್ಟದ್ದು ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಮಾಡೋಕೆ. 2023ರಲ್ಲಿ ಕೆ.ಎಲ್. ರಾಹುಲ್ ಕೀಪರ್. ಇಬ್ಬರೂ ನಮ್ಮವರೇ, ಎರಡು ಸಲವೂ ಇಂಡಿಯಾ ಫೈನಲ್ ತನಕ ಹೋಯಿತು, ನಾನು ಏನು ವಾದ ಮಾಡಲಿ? ಒಂದಂತೂ ನಿಜ, ಬ್ಯಾಟ್ ಬಾರದ ಕೀಪರ್‌ಗೆ ಈಗ ಯಾರೂ ಜಾಗ ಕೊಡುವುದಿಲ್ಲ. ಕೀಪಿಂಗ್ ಗೊತ್ತಿರುವ ಬ್ಯಾಟ್ಸ್‌ಮನ್‌ಗೆ ಎರಡು ಬಾಗಿಲು. ನೀನು ನಿನ್ನ ಕೈಯಾರೆ ಒಂದನ್ನು ಮುಚ್ಚೋಕೆ ಹೊರಟಿದ್ದೀಯ.

ಕೆಳಗಿನ ಕ್ರಮಾಂಕದಲ್ಲಿ ಆಡಿಸಿದರೆ ಮುಖ ಊದಿಸಬೇಡ. 1983ರ ವಿಶ್ವಕಪ್, ಜೂನ್ 18, ಇಂಗ್ಲೆಂಡಿನ ಟನ್‌ಬ್ರಿಡ್ಜ್ ವೆಲ್ಸ್, ಜಿಂಬಾಬ್ವೆ ಎದುರು ನಮ್ಮವರು 17 ರನ್ನಿಗೆ 5 ವಿಕೆಟ್. ಆಮೇಲೆ 140ಕ್ಕೆ 8. ಅಲ್ಲಿಂದ ಕಪಿಲ್ ಮತ್ತು ಕಿರ್ಮಾನಿ ಔಟಾಗದೆ 126 ಸೇರಿಸಿದರು. ಕಪಿಲ್ 175 ಎಲ್ಲರಿಗೂ ಬಾಯಿಪಾಠ. ಕಿರ್ಮಾನಿ ಹೊಡೆದದ್ದು 24. ಆ 24 ಇಲ್ಲದಿದ್ದರೆ 175 ಎಲ್ಲಿತ್ತು? ಮುಂದೆ ಆ ವಿಶ್ವಕಪ್‌ನ ಒಳ್ಳೆಯ ಕೀಪರ್ ಅಂತ ಅವರಿಗೆ ಪ್ರಶಸ್ತಿಯೂ ಬಂತು. ಫೈನಲ್‌ನಲ್ಲಿ ಸಂಧು ಬೌಲಿಂಗ್‌ಗೆ ವೆಸ್ಟ್ ಇಂಡೀಸ್‌ನ ಬ್ಯಾಕಸ್ ಕ್ಯಾಚ್ ಹಾರಿ ಹಿಡಿದದ್ದು ಮೊಬೈಲಿನಲ್ಲೇ ಸಿಗುತ್ತದೆ. ನಾವು ಆ ರಾತ್ರಿ ರೇಡಿಯೊ ಸುತ್ತ ಕೂತಿದ್ದೆವು. ಮಾರನೇ ದಿನ ಮೈದಾನಕ್ಕೆ ಬಂದ ಹುಡುಗರೆಲ್ಲ ಕಪಿಲ್ ದೇವ್. ಕೀಪರ್ ಆಗೋಕೆ ಒಬ್ಬನೂ ತಯಾರಿರಲಿಲ್ಲ!

ಅಪೀಲ್ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಈಗಿನ ಕೀಪರ್‌ಗಳು ಬಾಲ್ ಬಾಲಿಗೂ ಕೂಗುತ್ತಾರೆ. ಪ್ಯಾಡಿಗೆ ತಾಗಿದರೂ ಕೂಗು, ಗಾಳಿಗೆ ಕೂಗು. ನಮ್ಮ ಮ್ಯಾಚುಗಳಲ್ಲಿ ಬ್ಯಾಟಿಂಗ್ ಟೀಮಿನವರೇ ಇಬ್ಬರು ಅಂಪೈರ್‌ಗಳು. ಸ್ಕ್ವೇರ್ ಲೆಗ್‌ನಲ್ಲಿ ಮುಂದಿನ ಬ್ಯಾಟ್ಸ್‌ಮನ್ ಪ್ಯಾಡ್ ಕಟ್ಟಿಕೊಂಡೇ ನಿಂತಿರುತ್ತಿದ್ದ. ಅಂಥವನ ಕೈಲಿ ಸ್ಟಂಪಿಂಗ್ ಔಟ್ ಕೊಡಿಸುವುದು ಅಂದರೆ ಏನು ಅಂದುಕೊಂಡೆ? ಸಕಲೇಶಪುರದಲ್ಲಿ ಒಂದು ಮ್ಯಾಚು. ಎಡ್ಜ್ ಅಂತ ಸ್ಲಿಪ್‌ನವರೆಲ್ಲ ಕೂಗಿದರು, ಬೌಲರ್ ಕೂಗಿದ, ಅಂಪೈರ್ ಬೆರಳು ಅರ್ಧ ಎತ್ತಿದ್ದ. ‘ಇಲ್ಲ, ನೆಲಕ್ಕೆ ತಾಗಿತ್ತು’ ಅಂದೆ. ನಮ್ಮ ಕ್ಯಾಪ್ಟನ್ ಊಟದ ತನಕ ಮಾತಾಡಲಿಲ್ಲ. ಊಟ ಆದ ಮೇಲೆ ನಾನು ಎರಡು ಸ್ಟಂಪಿಂಗ್ ಕೇಳಿದೆ, ಎರಡನ್ನೂ ಅದೇ ಟೀಮಿನವನು ಮರುಮಾತಿಲ್ಲದೆ ಕೊಟ್ಟ. ಈಗ ನಿಮಗೆ ಬೇರೆ ಅಂಪೈರ್‌ಗಳು ಇರುತ್ತಾರೆ. ಆದರೂ ಯಾವ ಕೀಪರ್ ಯಾವಾಗ ಕೂಗುತ್ತಾಳೆ ಅಂತ ಅವರೂ ಗಮನಿಸುತ್ತಿರುತ್ತಾರೆ. ಕ್ಯಾಚ್ ಬಿಟ್ಟಾಗ ಗ್ಲೌಸ್ ತಿರುಗಿಸಿ ನೋಡಿಕೊಳ್ಳುವ ನಾಟಕವೂ ಬೇಡ. ಬೇಲ್ ಸರಿಮಾಡು, ಸ್ಟ್ರಾಪ್ ಬಿಗಿ ಮಾಡು, ಬೌಲರ್‌ಗೆ ಒಂದು ಮಾತು ಹೇಳು, ಕೂತುಕೋ.

ನಮ್ಮ ಕಾಲದಲ್ಲಿ ಹಾಸನದ ಮೈದಾನದಲ್ಲಿ ಹುಡುಗಿಯರು ಆಡಿದ್ದು ನಾನು ನೋಡಿಲ್ಲ. ಆಮೇಲೆ ಈ ಕಡೆಯವಳೇ, ಕಡೂರಿನ ವೇದಾ ಕೃಷ್ಣಮೂರ್ತಿ, 2017ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿ 35 ಹೊಡೆದಾಗ ನಾನೂ ನಿನ್ನ ದೊಡ್ಡಮ್ಮನೂ ಟಿವಿ ಮುಂದಿಂದ ಏಳಲಿಲ್ಲ. ನೀನು ಆಗ ಇನ್ನೂ ಪ್ಲಾಸ್ಟಿಕ್ ಬ್ಯಾಟ್ ಹಿಡಿಯುತ್ತಿದ್ದೆ. 9 ರನ್‌ನಿಂದ ಸೋತರು. 2025ರಲ್ಲಿ ಗೆದ್ದೇ ಬಿಟ್ಟರು. ಇಷ್ಟು ದಾರಿ ಆಗಿರುವಾಗ ಫೈನ್ ಲೆಗ್‌ನಲ್ಲಿ ನಿಲ್ಲಿಸಿದರು ಅಂತ ಅಳುವುದಾ?

ಮುಂದಿನ ವಾರ ನಿನ್ನಪ್ಪ ಬರುವಾಗ ಗ್ಲೌಸ್ ಒಳಗೆ ಹಾಕುವ ಇನ್ನರ್ಸ್ ಎರಡು ಜೊತೆ ಕಳಿಸುತ್ತೇನೆ, ಹತ್ತಿಯದ್ದು. ಒಂದು ಬೆವರಿಗೆ ನೆಂದರೆ ಇನ್ನೊಂದು ಹಾಕಿಕೋ. ಗ್ಲೌಸ್ ಬಿಸಿಲಿಗೆ ಒಣಗಿಸಬೇಡ, ರಬ್ಬರ್ ಬಿರಿಯುತ್ತದೆ. ಫ್ಯಾನ್ ಕೆಳಗೆ ಇಡು. ಸ್ಪಿನ್ನರ್ ಹತ್ತಿರ ಕಾಲು ಗಂಟೆ ಕೇಳಿದ್ದೀಯಾ ಇಲ್ಲವಾ ಅಂತ ಶುಕ್ರವಾರ ನಾನೇ ಫೋನ್ ಮಾಡಿ ಕೇಳುತ್ತೇನೆ. ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆರೆಯುತ್ತದೆ, ಆಗ ಬಾ. ಬಸ್ಸು ರಶ್ ಇರುತ್ತದೆ, ಟಿಕೆಟ್ ಮೊದಲೇ ಮಾಡಿಸಿಕೋ.

ಇತಿ,
ನಿನ್ನ ದೊಡ್ಡಪ್ಪ

ತಾ.ಕ.: ಇನ್ನರ್ಸ್ ಜೊತೆ ದೊಡ್ಡಮ್ಮ ಕೋಡುಬಳೆಯನ್ನೂ ಕಟ್ಟುತ್ತಿದ್ದಾಳೆ. ಆ ಮೊದಲ ಕೀಪರ್ ಹುಡುಗಿಗೂ ಕೊಡು.